ಚೂರಿಗಳಿಲ್ಲದ ಪೆಟ್ಟಿಗೆ

ಪೆಟ್ಟಿಗೆಯ ಬಾಯಿ ತೆರೆದಿತ್ತು. ಬೀಗ ಮುರಿದು ನೆಲಕ್ಕೆ ಬಿದ್ದಿತ್ತು. ಒಳಗೆ ಹಳೆಯ ಬಟ್ಟೆಗಳಷ್ಟೇ ಇದ್ದವು. ಚೂರಿ, ಮಚ್ಚು — ಒಂದೂ ಇರಲಿಲ್ಲ.

ಓಣಿಯವರ ಸಂಘದ ಕೋಣೆಯ ಬಾಗಿಲಲ್ಲಿ ನಿಂತ ನಿವೃತ್ತ ದಫೇದಾರನಿಗೆ ಮೊಣಕಾಲು ಹಿಡಿದುಕೊಂಡಿತ್ತು. ಅವನು ಪೊಲೀಸ್ ಕೆಲಸ ಬಿಟ್ಟಿದ್ದರೂ ಆ ಕೆಲಸ ಅವನನ್ನು ಬಿಟ್ಟಿರಲಿಲ್ಲ.

ಮೇಲಿನ ಓಣಿ, ಕೆಳಗಿನ ಓಣಿಯ ಹುಡುಗರು ಗ್ಯಾಂಗು ಕಟ್ಟಿಕೊಂಡು ವರ್ಷಗಟ್ಟಲೆ ಹೊಡೆದಾಡಿದ್ದರು. ಸಂಘದವರು ಮನೆಮನೆ ಅಲೆದು, ಕಂಡವರಿಂದೆಲ್ಲ ಬೈಸಿಕೊಂಡು, ಕೊನೆಗೆ ಅವರನ್ನು ಒಪ್ಪಿಸಿದ್ದರು. ಆಯುಧವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ಸೀಳಿನೊಳಗೆ ಹಾಕಬೇಕು. ಯಾರದು ಎಂದು ಯಾರೂ ಕೇಳಬಾರದು. ಎಲ್ಲರೆದುರು ಕುಲುಮೆಯಲ್ಲಿ ಕರಗಿಸಬೇಕು.

ಕರಗಿಸುವ ದಿನ ಇವತ್ತೇ. ಪೆಟ್ಟಿಗೆ ಖಾಲಿ ಎಂದು ತಿಳಿದರೆ? ಅವರು ಕದ್ದರು ಎಂದು ಇವರು, ಇವರು ಕದ್ದರು ಎಂದು ಅವರು — ಸಂಜೆಯೊಳಗೆ ಹೆಣ ಬೀಳುತ್ತದೆ.

"ಬಟ್ಟೆ ಮುಟ್ಟಿದ್ಯಾ, ತಂಗಿ?" ಕೋಣೆ ಗುಡಿಸುವವಳನ್ನು ಕೇಳಿದ.

"ಅಯ್ಯೋ, ನಾನ್ಯಾಕಣ್ಣ ಮುಟ್ಲಿ? ಬಾಗಿಲು ತೆಗ್ದೆ, ನೋಡ್ದೆ, ಕಿರುಚಿದೆ. ಅಷ್ಟೇ."

ಸೇರಿದವರ ಕಣ್ಣೆಲ್ಲ ವೆಲ್ಡರನ ಮೇಲಿತ್ತು. ಪೆಟ್ಟಿಗೆ ಮಾಡಿದವನು ಅವನೇ. ಕುಲುಮೆಯೂ ಅವನದೇ. ಒಂದು ಕಾಲದಲ್ಲಿ ಕೆಳಗಿನ ಓಣಿಯ ರೌಡಿ ಬೇರೆ.

"ಏನ್ರೀ ಗುರಾಯಿಸ್ತೀರಿ? ನಾನು ಕದಿಯೋದಾದ್ರೆ ಬೀಗ ಯಾಕೆ ಮುರೀಲಿ? ಹಿಂದಿನ ತಗಡು ಕೊಯ್ದು ಮತ್ತೆ ಬೆಸೀತಿದ್ದೆ. ನಿಮ್ಮಪ್ಪಂಗೂ ಗೊತ್ತಾಗ್ತಿರಲಿಲ್ಲ!"

"ನಮ್ಮಪ್ಪ ಸತ್ತು ಬಹಳ ಕಾಲವಾಯ್ತು," ಅಂದ ದಫೇದಾರ. "ಹೋಗಿ ಕುಲುಮೆ ಹೊತ್ತಿಸು."

"ಹಾಕೋಕೆ ಏನಿದೆ?"

"ಹೊತ್ತಿಸು ಅಂದೆ!"

ದಫೇದಾರ ಪೆಟ್ಟಿಗೆಯೊಳಗೆ ಬಗ್ಗಿದ. ಹರಿದ ಅಂಗಿ, ಟವೆಲ್ಲು, ದಿಂಬಿನ ಚೀಲ. ಎಲ್ಲವೂ ನಾಲ್ಕು ಮಡಿಕೆಯಾಗಿ ಒಂದರ ಮೇಲೊಂದು ಕೂತಿದ್ದವು. ಅವನು ಬಹಳ ಹೊತ್ತು ನೋಡಿದ.

ಆಮೇಲೆ ಕಾಲೆಳೆಯುತ್ತ ಕ್ಷೌರದಂಗಡಿಗೆ ಹೋದ. ಸಂಘದ ಅಧ್ಯಕ್ಷ ಆ ಕ್ಷೌರಿಕನೇ. ಪೆಟ್ಟಿಗೆಯ ಉಪಾಯವೂ ಅವನದೇ. ಕ್ಷೌರಿಕ ಗಿರಾಕಿಗೆ ಹೊದಿಸಿದ್ದ ಬಟ್ಟೆ ಬಿಚ್ಚಿ, ಬಾಗಿಲಾಚೆ ಪಟಪಟ ಒದರಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಕೈ ಮೇಲಿಟ್ಟ. ಗಿರಾಕಿ ಹೊರಟ.

"ಸುಳಿವೇನಾದ್ರೂ ಸಿಕ್ತಾ, ಅಣ್ಣ?"

"ಸಿಕ್ತು. ಬಾಗಿಲು ಹಾಕು."

ಕ್ಷೌರಿಕ ಬಾಗಿಲು ಹಾಕಿದ.

"ಎಲ್ರೂ ಬೀಗ ನೋಡಿದ್ರು, ಬಟ್ಟೆ ಯಾರೂ ನೋಡ್ಲಿಲ್ಲ. ಕಳ್ಳ ಬಟ್ಟೆ ಕಿತ್ತೆಸೆದು ಓಡ್ತಾನೆ. ಇವನು ಒಂದೊಂದನ್ನೂ ಒದರಿ ಮಡಚಿಟ್ಟಿದ್ದಾನೆ. ತಲೆ ಎಲ್ಲೋ ಇದ್ರೂ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡಿದೆ — ಈಗ ನನ್ನ ಕಣ್ಣೆದುರು ಮಾಡ್ತಲ್ಲ, ಹಾಗೆ. ಬೀಗದ ಕೈ ಇದ್ದದ್ದೂ ನಿನ್ನ ಹತ್ರ. ಅನುಮಾನ ಬೇರೆಯವ್ರ ಮೇಲೆ ಹೋಗ್ಲಿ ಅಂತ ಬೀಗ ಮುರಿದೆ. ಯಾಕೋ? ನೀನೇ ಕಟ್ಟಿದ ಮನೆಗೆ ನೀನೇ ಬೆಂಕಿ ಇಟ್ಯಲ್ಲೋ!"

ಕ್ಷೌರಿಕ ಗೋಡೆಗೊರಗಿದ. "ನಿನ್ನೆ ಇನ್ಸ್‌ಪೆಕ್ಟರ್ ಬಂದಿದ್ದ. ಕರಗಿಸೋ ಮೊದ್ಲು ಎಲ್ಲಾನೂ ರಕ್ತ, ಬೆರಳಚ್ಚು ಪರೀಕ್ಷೆಗೆ ಕಳಿಸ್ತೀವಿ ಅಂದ. ನನ್ನ ಮಗನೂ ಒಂದು ಹಾಕಿದ್ದಾನೆ. ಕೇಳಲ್ಲ ಅಂತ ಮಾತು ಕೊಟ್ಟವನು ನಾನು. ನೀವೂ ಪೊಲೀಸರೇ ಆಗಿದ್ರಿ — ಹೇಳಿ, ಅವರು ನನ್ನ ಮಗನ್ನ ಸುಮ್ನೆ ಬಿಡ್ತಿದ್ರಾ?"

ದಫೇದಾರ ಮೊಣಕಾಲು ನೀವಿಕೊಂಡ. "ಹಾಗಾದ್ರೆ ಅವನದ್ದೊಂದನ್ನ ತೆಗೀಬೇಕಿತ್ತು. ಎಲ್ಲಾ ಯಾಕೆ?"

"ಬಿಚ್ಚಿ ಬಿಚ್ಚಿ ನೋಡ್ದೆ, ಅಣ್ಣ. ಯಾವುದು ಅವನದ್ದು ಅಂತ ಗೊತ್ತಾಗ್ಲಿಲ್ಲ. ಒಂದೇ ಸೂರಿನ ಕೆಳಗೆ ಮಲಗ್ತೀವಿ."

ದಫೇದಾರ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತ.

"ಎಲ್ಲಿಟ್ಟಿದ್ದೀಯ?"

"ಇಲ್ಲೇ, ನೀರಿನ ಡ್ರಮ್ಮಲ್ಲಿ."

"ತೆಗಿ. ನೇರ ಕುಲುಮೆಗೆ ಹೋಗ್ಲಿ. ಇನ್ಸ್‌ಪೆಕ್ಟರ್ ಹತ್ರ ನಾನು ಬೈಸ್ಕೋತೀನಿ, ಅಭ್ಯಾಸ ಇದೆ. ಆದ್ರೆ ಕದ್ದವನು ನೀನು ಅಂತ ಎರಡೂ ಓಣಿಯವ್ರ ಮುಂದೆ ನೀನೇ ಹೇಳ್ಬೇಕು."

"ಹೇಳಿದ್ರೆ ಇನ್ಮೇಲೆ ನನ್ನ ಮಾತು ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಆದ್ರೆ ಇವತ್ತು ಒಬ್ಬರನ್ನೊಬ್ಬರು ಕೊಚ್ಚೋದೂ ಇಲ್ಲ."

ಕ್ಷೌರಿಕ ಅಂಗಿಯ ತೋಳು ಏರಿಸಿ ಡ್ರಮ್ಮಿನೊಳಗೆ ಕೈ ಇಳಿಸಿದ.