ಎರಡು ಹಾಡುಗಳ ನಡುವೆ

ರೌಂಡ್ ರಾಕ್ ಎಂಬ ಊರಿಗೆ ಶಿಫ್ಟ್ ಆದ ವರ್ಷ ನನಗೆ ಅಲ್ಲಿ ಯಾರ ಪರಿಚಯವೂ ಇರಲಿಲ್ಲ. ಅಲೆನ್ ಊರಿನಲ್ಲಿದ್ದ ಗೆಳೆಯ ರಿಷಭ್ ಫಿನ್ಲೆಂಡಿನ ಒಂದು ಬ್ಲ್ಯಾಕ್ ಮೆಟಲ್ ಸಂಗೀತದ ಕ್ಯಾಸೆಟ್ಟಿನ ಕಾಪಿ ಕಳಿಸಿ, "ರೆಕಾರ್ಡಿಂಗ್ ಕೆಟ್ಟಿದೆ ಅನ್ಕೋಬೇಡ, ಬೇಕಂತಲೇ ಹಾಗೆ ಮಾಡ್ತಾರೆ," ಎಂದಿದ್ದ.

ಆಗಸ್ಟ್‌ನ ಒಂದು ಭಾನುವಾರ ಮಧ್ಯಾಹ್ನ ಅದನ್ನು ಹಾಕಿದೆ. ಗಿಟಾರ್ ಜೇನುಹುಳುಗಳ ಹಿಂಡಿನಂತೆ ಗುಂಯ್‌ಗುಡುತ್ತಿತ್ತು. ಡ್ರಮ್ಸ್ ಸದ್ದು ಪಕ್ಕದ ಮನೆಯಲ್ಲಿ ಯಾರೋ ಗೋಡೆ ಬಡಿದಂತೆ ಕೇಳುತ್ತಿತ್ತು. ಹಾಡುವವನ ಕಿರುಚಾಟ ಬಾವಿಯ ತಳದಿಂದ ಬಂದಂತಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಕಿಟಕಿಯ ಗಾಜು ಮುಟ್ಟಿದರೆ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಎರಡು ಹಾಡುಗಳ ನಡುವೆ ಟೇಪಿನ ಸುಯ್ ಎಂಬ ಸದ್ದಷ್ಟೇ ಉಳಿದಾಗ, ಅದರೊಳಗಿಂದ ಯಾರೋ ಮೆಲ್ಲಗೆ "ಮಧೂ" ಎಂದು ಕರೆದರು. ಅದು ಮನೆಯವರು ಮಾತ್ರ ಕರೆಯುವ ಹೆಸರು. ಎಷ್ಟೋ ದಿನಗಳಿಂದ ಯಾರೂ ಹಾಗೆ ಕರೆದಿರಲಿಲ್ಲ; ಹೆದರಿಕೆಯಾಗುವ ಮೊದಲೇ ನನ್ನ ಬಾಯಿಂದ "ಬಂದೆ" ಎಂದು ಬಂದುಬಿಟ್ಟಿತು.

ಟೇಪ್ ನಿಲ್ಲಿಸಿ ರಿಷಭ್‌ಗೆ ಫೋನ್ ಮಾಡಿದೆ. ಎರಡು ಹಾಡುಗಳ ನಡುವೆ ಯಾರೋ ನನ್ನನ್ನು ಕರೆದರು ಎಂದಷ್ಟೇ ಹೇಳಿದೆ. ನಾನು ಓಗೊಟ್ಟಿದ್ದನ್ನು ಹೇಳಲಿಲ್ಲ.

"ಕರೆಯೋದು ನಂಗೆ ಯಾವತ್ತೂ ಕೇಳಿಸಿಲ್ಲ ಮಧುರಾ," ಎಂದ. "ಆದ್ರೆ ಆ ಜಾಗದಲ್ಲಿ ಒಬ್ಬಳು 'ಬಂದೆ' ಅಂತಾಳಲ್ಲ, ಅದು ಕನ್ನಡದ ಥರ ಕೇಳಿಸೋ ಫಿನ್ನಿಶ್ ಪದ ಅಂತಲೇ ಇಷ್ಟು ವರ್ಷ ಅನ್ಕೊಂಡಿದ್ದೆ."