ಜಗದಾಂಬಾ ಹಾಡಿದ ಸಿ.ಡಿ.

"ಕಳ್ಳ ನನ್ನ ಮನೆಯಲ್ಲೇ ಇದಾನೆ, ಅಕ್ಕಯ್ಯಮ್ಮೋರೆ. ಹಿಡಿದುಕೊಡಿ. ಅಲ್ಲೀವರೆಗೂ ಆ ಮನೇಲಿ ನಾನು ಊಟ ಮಾಡಲ್ಲ."

ಬಾಗಿಲಲ್ಲಿ ನಿಂತವರು ಎದುರುಮನೆಯ ಗುರುಸಿದ್ದಯ್ಯನವರು. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಏನು ಕಳೆದರೂ ಜನ ಪೊಲೀಸ್ ಠಾಣೆಗಿಂತ ಮೊದಲು ನಮ್ಮ ಮನೆಯೊಡತಿ ಅಕ್ಕಯ್ಯಮ್ಮನ ಹತ್ತಿರ ಬರುತ್ತಿದ್ದರು. ಮಹಡಿಯ ಬಾಡಿಗೆಯವಳಾದ ನಾನು ಅವಳ ಜೊತೆಗಾತಿ.

ಕಳೆದದ್ದು ಒಂದು ಸಿ.ಡಿ. ಅವರ ತೀರಿಕೊಂಡ ಹೆಂಡತಿ ಜಗದಾಂಬಾ ರಾಜಾಜಿನಗರದ ಬಸವ ಜಯಂತಿಯಲ್ಲಿ ಮೂರು ವಚನ ಹಾಡಿದ್ದನ್ನು ಯಾರೋ ಮುದ್ರಿಸಿ ಕೊಟ್ಟಿದ್ದರು. ಬೇರೆ ಪ್ರತಿಯಿರಲಿಲ್ಲ. ದಿನವೂ ಪೂಜೆ ಮುಗಿಸಿ, ಭಾರವಾದ ಹಳೆಯ ಪ್ಲೇಯರಿಗೆ ಅದನ್ನು ಹಾಕಿ ಕೇಳಿದ ಮೇಲೇ ಅವರ ಕಾಫಿ.

ಮಗ ಚನ್ನವೀರೇಶ್ ಹೊಸದಾಗಿ ಮ್ಯೂಸಿಕ್ ಸರ್ವರ್ ತಂದಿದ್ದ. ಸಿ.ಡಿ. ತೂರಿಸಿದರೆ ಅದರ ಹಾಡುಗಳೆಲ್ಲ ಆ ಚಿಕ್ಕ ಪೆಟ್ಟಿಗೆಗೆ ಕಾಪಿಯಾಗಿ, ಫೋನ್ ಮುಟ್ಟಿದರೆ ಕೇಳಿಸುತ್ತಿದ್ದವು. ಅದನ್ನು ಜೋಡಿಸಿಕೊಟ್ಟವನು ವಿಜಯನಗರದ ಆಡಿಯೋ ಅಂಗಡಿಯ ಕಿಟ್ಟಿ. ಭಾನುವಾರ ಹಳೆಯ ಪ್ಲೇಯರನ್ನು ಕಿಟ್ಟಿ ಒಯ್ಯಬೇಕೆಂದು ಮಗ ಮಾತಾಡಿಯಾಗಿತ್ತು. ಅಪ್ಪ ಒಪ್ಪಿರಲಿಲ್ಲ.

"ಡಿಸ್ಕೇ ಇಲ್ಲ ಅಂದ್ಮೇಲೆ ಪ್ಲೇಯರ್ ಯಾಕಪ್ಪ ಅಂತಾನೆ. ಅದಕ್ಕೇ ಕದ್ದಿದಾನೆ," ಎಂದರು ಗುರುಸಿದ್ದಯ್ಯ.

ನಾವು ಹೋದಾಗ ಸೊಸೆ ಶಿವರಂಜನಿ ಬಾಗಿಲು ತೆರೆದಳು. ನಾನು ಕೇಳುವ ಮೊದಲೇ ನನ್ನ ಬೆನ್ನಿಗೊಂದು ದಿಂಬು ಕೊಟ್ಟಳು. ಅಕ್ಕಯ್ಯಮ್ಮ ಸಿ.ಡಿ.ಯ ಖಾಲಿ ಡಬ್ಬಿ ತೆರೆದು, ಮೂಲೆಯಲ್ಲಿದ್ದ ನುಣ್ಣನೆಯ ಬಿಳಿ ಪುಡಿಯನ್ನು ಬೆರಳಿಗೆ ಒತ್ತಿಕೊಂಡಳು. ಕೈ ತೊಳೆಯದೆ ಡಿಸ್ಕ್ ಮುಟ್ಟುವವನಲ್ಲ ತಾನು ಎಂದರು ಗುರುಸಿದ್ದಯ್ಯ. ಪೂಜೆಯ ಕೋಣೆಯಲ್ಲಿ ಬೆಳ್ಳಿ ತಟ್ಟೆ, ದೀಪಗಳು ಹೊಸದರಂತೆ ಹೊಳೆಯುತ್ತಿದ್ದವು.

"ಹಬ್ಬ ಯಾವ್ದೂ ಹತ್ರ ಇಲ್ವಲ್ಲ," ಎಂದು ಅಕ್ಕಯ್ಯಮ್ಮ ಗೊಣಗಿದಳು.

ಚನ್ನವೀರೇಶನಿಗೆ ರೇಗಿತ್ತು. "ಅಮ್ಮನ ಹಾಡು ಸರ್ವರ್‌ನಲ್ಲೇ ಇದೆ ಆಂಟಿ, ಕೇಳಿ." ಎರಡು ವಚನ ಕೇಳಿಸಿದವು. ಮೂರನೆಯದು ಬರಲಿಲ್ಲ. ಅವನು ಫೋನನ್ನು ಮತ್ತೆ ಮತ್ತೆ ಒತ್ತಿದ, ಮುಖ ಬಿಳಿಚಿಕೊಂಡಿತು. ಕಿಟ್ಟಿಗೆ ಫೋನ್ ಮಾಡಿದಾಗ, ಡಿಸ್ಕಿನ ಮೇಲೆ ಕಲೆಯಿದ್ದು ಮೂರನೆಯದು ಕಾಪಿ ಆಗಿರಲಿಲ್ಲ, ಒರೆಸಿಟ್ಟಿರಿ, ಭಾನುವಾರ ಬಂದು ಮುಗಿಸುತ್ತೇನೆಂದು ನಿಮ್ಮ ಮನೆಯಲ್ಲಿ ಹೇಳಿಯೇ ಬಂದಿದ್ದೆ ಎಂದ.

ಭಾನುವಾರದವರೆಗೂ ಗುರುಸಿದ್ದಯ್ಯ ನಮ್ಮಲ್ಲೇ ಉಂಡರು. ಅವರ ಹಲ್ಲಿಗೆ ಆಗುವಂಥ ಮೆತ್ತನೆಯ ರೊಟ್ಟಿಯನ್ನು ಶಿವರಂಜನಿ ಹಿತ್ತಲ ಬಾಗಿಲಿಂದ ತಂದುಕೊಡುತ್ತಿದ್ದಳು, ಹೇಳಬೇಡಿ ಆಂಟಿ ಎನ್ನುತ್ತಿದ್ದಳು.

ಭಾನುವಾರ ಕಿಟ್ಟಿಯೂ ಬಂದ. ಗುರುಸಿದ್ದಯ್ಯನವರ ನಡುಮನೆಯಲ್ಲಿ ಎಲ್ಲರನ್ನೂ ಕೂರಿಸಿ ಅಕ್ಕಯ್ಯಮ್ಮ ಶುರುಮಾಡಿದಳು. "ಮಗ ಕದ್ದಿಲ್ಲ ಗುರುಸಿದ್ದಯ್ಯನೋರೆ. ಡಿಸ್ಕ್ ಬಚ್ಚಿಡೋನು ಪೆಟ್ಟಿಗೇಲಿ ಹಾಡು ಪೂರ್ತಿ ಇದೆಯಾ ಅಂತ ಮೊದ್ಲು ನೋಡ್ತಿದ್ದ. ಇವನಿಗೆ ನಮ್ಮೆದುರೇ ಗೊತ್ತಾಗಿದ್ದು. ಕಿಟ್ಟಿಗೆ ಪ್ಲೇಯರ್ ಮೇಲೆ ಆಸೆ, ಸರಿ. ಆದ್ರೆ ಡಿಸ್ಕ್ ಹೋದ್ರೆ ಅವನ ಕೆಲಸವೇ ಅರ್ಧಕ್ಕೆ ನಿಲ್ಲುತ್ತೆ."

ಆಮೇಲೆ ಅವಳು ಆ ಪುಡಿಯ ಮಾತಿಗೆ ಬಂದಳು. ಅದು ವಿಭೂತಿ. ಡಬ್ಬಿಯೊಳಗೆ ಬಂದಿದೆಯೆಂದರೆ ಡಿಸ್ಕಿಗೇ ಅಂಟಿಕೊಂಡು ಬಂದಿದೆ. ಹಬ್ಬವಿಲ್ಲದೆ ಆ ವಾರ ಬೆಳ್ಳಿಯನ್ನೂ ಯಾರೋ ವಿಭೂತಿ ಹಾಕಿ ಉಜ್ಜಿದ್ದಾರೆ. ಡಿಸ್ಕ್ ಒರೆಸಬೇಕೆಂದು ಕಿಟ್ಟಿ ಹೇಳಿದ್ದು ಮಗನಿಗೂ ಗೊತ್ತಿರಲಿಲ್ಲ, ಅಪ್ಪನಿಗೂ ಗೊತ್ತಿರಲಿಲ್ಲ.

"ಇನ್ನು ಉಳಿದೋರು ಯಾರು, ಹೇಳಮ್ಮ."

ಶಿವರಂಜನಿ ಎದ್ದು ಪೂಜೆಯ ಕೋಣೆಗೆ ಹೋದಳು. ಬೆಳ್ಳಿ ತಟ್ಟೆಯ ಅಡಿಯಿಂದ ರೇಷ್ಮೆ ಬಟ್ಟೆಯ ಗಂಟು ತಂದು ಮಾವನ ಮುಂದಿಟ್ಟಳು. "ಬೆಳ್ಳಿ ಥರಾನೇ ಹೊಳೀತಿತ್ತು ಮಾವ. ಬೆಳ್ಳಿ ಜೊತೆ ಉಜ್ಜಿಬಿಟ್ಟೆ. ಡಬ್ಬಿಗೆ ಹಾಕೋವಾಗ ಗೀರು ಕಾಣಿಸ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ನೀವು ಇವರನ್ನ ಬೈತಿದ್ರೂ ಸುಮ್ಮನಿದ್ದೆ."

ಡಿಸ್ಕಿನ ತುಂಬ ಸುತ್ತು ಸುತ್ತು ಗೀರು. ಕಿಟ್ಟಿ ಸರ್ವರಿಗೆ ಕೊಟ್ಟು ನೋಡಿದ. ಅದು ಬಹಳ ಹೊತ್ತು ತಿರುಗಿಸಿ ಆಗದೆಂದು ಹೊರದೂಡಿತು. ಗುರುಸಿದ್ದಯ್ಯ ಎದ್ದರು. ಕೈ ತೊಳೆದು ಬಂದು ಹಳೆಯ ಪ್ಲೇಯರಿಗೆ ಹಾಕಿದರು. ಮೂರನೆಯ ವಚನದಲ್ಲಿ ಜಗದಾಂಬಾ ಒಂದು ಕಡೆ ತಡವರಿಸಿ, ಒಂದು ಮಾತು ನುಂಗಿ, ಮುಂದೆ ಹಾಡಿಕೊಂಡು ಹೋದಳು.

"ಅಪ್ಪಾ, ಇದು ಇನ್ನೆಷ್ಟು ದಿನ ಓಡುತ್ತೆ?" ಎಂದ ಚನ್ನವೀರೇಶ್, ಮೆಲ್ಲಗೆ.

"ಓಡೋವರೆಗೂ ಓಡುತ್ತೆ. ನಾನೂ ಹಾಗೇ."

ಈ ಪ್ಲೇಯರಿನಿಂದಲೇ ವೈರ್ ಎಳೆದು ಸರ್ವರಿಗೆ ರೆಕಾರ್ಡ್ ಮಾಡಬಹುದೆಂದು ಕಿಟ್ಟಿ ಹೇಳಿದ.

"ಎಳ್ಕೊಳಪ್ಪ. ನಿಮ್ಮ ಪೆಟ್ಟಿಗೆಗೆ ಬೇಕಿದ್ರೆ ಅದು ಇಲ್ಲಿಗೆ ಬಂದು ಕೇಳಿಸ್ಕೊಳ್ಳಲಿ. ಇದು ಮಾತ್ರ ಈ ಜಾಗ ಬಿಟ್ಟು ಕದಲಲ್ಲ."

ಆಮೇಲೆ ಮಗನ ಹೆಗಲ ಮೇಲೊಮ್ಮೆ ಕೈಯಿಟ್ಟು, ಡಿಸ್ಕನ್ನು ಸೊಸೆಯ ಕೈಗೇ ಕೊಟ್ಟರು. "ನೀನೇ ಎತ್ತಿಡು. ಉಜ್ಜಬೇಡ. ಈಗ ಬಡಿಸು ನಡಿ. ಇಷ್ಟು ದಿನ ಅವರ ಮನೇಲಿ ತಿಂದಿದ್ದು ಯಾರ ಕೈ ರೊಟ್ಟಿ ಅಂತ ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ?"