ಬಿಷಪ್ಪರ ಪೀಠದಡಿಯ ಮೊಳೆ

"ಆ ಮೊಳೆ ಕೀಳಬೇಡ ಕಣಪ್ಪಾ. ಅದನ್ನ ಹೊಡೆದಿರೋದು ಮಾಟದ ತಗಡಿಗೆ."

ಭದ್ರಾವತಿಯ ಸಣ್ಣ ಎರಕದ ಫೌಂಡ್ರಿಯೊಂದರಲ್ಲಿ ಮರಳು ಜರಡಿ ಹಿಡಿಯುವ ದ್ಯಾಮಮ್ಮ ಹೀಗೆಂದದ್ದಕ್ಕೆ ಚಂದ್ರಹಾಸ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದು ರೋಮನ್ನರ ಕಾಲದ್ದು ದ್ಯಾಮಕ್ಕ. ಈ ದೆವ್ವಕ್ಕೆ ಕನ್ನಡಾನೇ ಬರಲ್ಲ, ಇಲ್ಲಿ ಯಾರನ್ನ ಹಿಡಿಯುತ್ತೆ?"

ಲಿಬಿಯಾದಲ್ಲಿ ಮೂರು ವರ್ಷ ಪೈಪು ಹೂಳಿ ಬಂದವನು ಇಲ್ಲಿಗೆ ಸೇರಿ ವಾರವಾಗಿತ್ತಷ್ಟೆ; ಅದು ತೊಂಬತ್ತೆಂಟನೇ ಇಸವಿ. ಅಲ್ಲಿ ಕೆಲಸದ ಜಾಗದ ಪಕ್ಕದಲ್ಲೇ ರೋಮನ್ನರ ಹಾಳೂರು. ಮುರಿದ ಕಂಬಗಳು, ಕಲ್ಲಿನ ಬೀದಿ, ಕೊನೆಗೆ ಸೂರಿಲ್ಲದ ಚರ್ಚು. ಬಿಷಪ್ಪರ ಕಲ್ಲುಪೀಠದ ಬುಡ ಕೆದಕಿದಾಗ ಸಿಕ್ಕಿದ್ದು ಈ ಸೀಸದ ಸುರುಳಿ, ನಡುವೆ ಬಡಿದ ಚೌಕ ಮೊಳೆ. ಕಾವಲಿನ ಮುದುಕ ದೂರ ನಿಂತೇ ಹೇಳಿದ್ದ: ಪೀಠದ ಆಸೆಗೆ ಯಾರೋ ಪಾದ್ರಿ ಹೂತಿಟ್ಟದ್ದು. ಆಮೇಲೆ ಅಲ್ಲಿ ಕೂತ ಮೂವರು ಬಿಷಪ್ಪರೂ ಪ್ರಾರ್ಥನೆಯ ನಡುವೆಯೇ ಮೂಕರಾದರು. ನಾಲ್ಕನೆಯವರು ಹುಡುಕಿ, ಮೊಳೆ ಹೊಡೆದು ಅದನ್ನು ಕಟ್ಟಿಹಾಕಿದರು.

ಚಂದ್ರಹಾಸ ಇಕ್ಕಳ ಹಾಕಿ ಮೊಳೆ ಕಿತ್ತ.

ಸುರುಳಿಯೊಳಗಿಂದ ಚಿಟಿಕೆ ಮರಳು ಉದುರಿತು. ಬಿಸಿಯಾಗಿತ್ತು. ಸುಟ್ಟ ಎಣ್ಣೆಯ, ಹಳಸಿದ ಮೇಣದ ನಾತ. ಅವನ ಬಾಯಿ ಒಣಗಿತು. ಚೊಂಬು ನೀರು ಕುಡಿದರೂ ಹಲ್ಲಿನಡಿ ಕರಕರ.

"ಏನಣ್ಣ, ಹೆದರಿದ್ಯಾ?" ಅಚ್ಚಿನ ಬಳಿ ಬಗ್ಗಿದ್ದ ತಮ್ಮ ಭೀಮೇಶ ಚುಡಾಯಿಸಿದ.

"ಮುಚ್ಕೊಂಡು ಕೆಲಸ ಮಾಡೋ!"

ಅದೇ ಚಂದ್ರಹಾಸನ ಕೊನೆಯ ಮಾತು.

ಕರಗಿದ ಕಬ್ಬಿಣದ ಬಕೆಟ್ಟು ಕ್ರೇನಿನಲ್ಲಿ ಬರುವಾಗ "ಸರ್ಕೊಳ್ರೋ!" ಎಂದು ಕೂಗುವುದು ಚಂದ್ರಹಾಸನ ಕೆಲಸ. ಆ ಗದ್ದಲದಲ್ಲಿ ಕೆಳಗಿನವರು ತಲೆ ಎತ್ತುತ್ತಿದ್ದದ್ದು ಆ ಕೂಗಿಗೆ ಮಾತ್ರ.

ಬಕೆಟ್ಟು ಹೊರಟಿತು. ಸರಪಳಿ ಕಿರುಗುಟ್ಟಿತು. ಒಂದು ಕೊಂಡಿ ಬಾಯಿ ಬಿಡುತ್ತಿತ್ತು. ನೇರ ಕೆಳಗೆ ಭೀಮೇಶ, ಬೆನ್ನು ತಿರುಗಿಸಿಕೊಂಡು.

ಚಂದ್ರಹಾಸ ಬಾಯಿ ತೆರೆದ. ಸದ್ದಿಲ್ಲ. ಗಂಟಲಲ್ಲಿ ಮರಳು ಏರಿತು. ಇನ್ನೊಮ್ಮೆ. ಇಲ್ಲ. ಓಡಿದ. ಇನ್ನು ಹತ್ತು ಹೆಜ್ಜೆ. ಎಂಟು. ಬಕೆಟ್ಟು ವಾಲಿತು. ಕಣ್ಣು ಕುಕ್ಕುವ ಬೆಳಕು.

ಭೀಮೇಶ ಕೂಗಿದ. ಒಮ್ಮೆ ಮಾತ್ರ.

"ಕಣ್ಣೆದುರೇ ಇತ್ತಲ್ಲೋ ಪಾಪಿ! ಯಾಕೋ ಕೂಗಲಿಲ್ಲ?" ಕ್ರೇನಿನಿಂದ ಇಳಿದು ಬಂದ ಗೋವಿಂದಯ್ಯ ಅವನ ಕಾಲರು ಹಿಡಿದು ಅಲ್ಲಾಡಿಸಿದ.

ದ್ಯಾಮಮ್ಮ ಸೀಸದ ಸುರುಳಿ ಎತ್ತಿಕೊಂಡು ಮೊಳೆಯನ್ನು ಮತ್ತೆ ತೂತಿಗೆ ತುರುಕಲು ನೋಡಿದಳು. ತೂತಿರಲಿಲ್ಲ. ಗಾಯ ಮಾಯ್ದಂತೆ ಸೀಸ ಕೂಡಿಕೊಂಡಿತ್ತು.

ಚಂದ್ರಹಾಸ ಉತ್ತರಕ್ಕೆಂದು ಬಾಯಿ ತೆರೆದ. ಒಳಗೆ ಕಂಡದ್ದಕ್ಕೆ ಗೋವಿಂದಯ್ಯನ ಹಿಡಿತ ಸಡಿಲಿತು.

ನಾಲಿಗೆಯ ನಟ್ಟನಡುವೆ, ಒಂದು ತೊಟ್ಟು ರಕ್ತವಿಲ್ಲದ, ಚೌಕನೆಯ ತೂತು. ಅದರೊಳಗಿಂದ ಮರಳು ಸಣ್ಣಗೆ ಸುರಿಯುತ್ತಲೇ ಇತ್ತು.